ಒಂದು ಕೂದಲೆಳೆ ದಪ್ಪ

ಮಳೆಗಾಲದಲ್ಲಿ ನನಗೆ ಬುದ್ಧಿ ಸ್ವಲ್ಪ ಕಡಿಮೆಯಾಗುತ್ತದೆ. ಇದು ನನ್ನ ಹೆಂಡತಿಯ ಸಂಶೋಧನೆ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಒಟ್ಟು 61 ದಿನ. ಆಗ ಬಂಗುಡೆಯ ಮುಖ ನೋಡಲಿಕ್ಕೂ ಸಾಲ ಮಾಡಬೇಕು. ನನ್ನಂಥವರಿಗೆ ಹೊಳೆ ನೆನಪಾಗುವುದು ಆಗಲೇ.

ಅಟ್ಟದಲ್ಲಿ ಅಜ್ಜನ ಬೀಸುಬಲೆ ಇತ್ತು. ಇಲಿ ತಿಂದು ಉಳಿದದ್ದನ್ನು ಕೆಮ್ಮಣ್ಣು ಊರಿನ ಒಬ್ಬರು ಅಜ್ಜನ ಹತ್ತಿರ ಒಯ್ದೆ. ಅವರು ಬಲೆ ಕಟ್ಟುವುದರಲ್ಲಿ ಎತ್ತಿದ ಕೈ. ತೂತು ಮುಚ್ಚಿ ಕೊಟ್ಟರು. "ಅಂಚಿನ ಸೀಸದ ಮಣಿ ಅರ್ಧ ಇಲ್ಲ. ಮಣಿ ಇಲ್ಲದಿದ್ದರೆ ಬಲೆ ಮುಳುಗುವುದಿಲ್ಲ, ಲುಂಗಿ ಹಾಗೆ ತೇಲ್ತದೆ. ನೂರು ಮಣಿ ತನ್ನಿ" ಅಂದರು. ಎಷ್ಟು ದಪ್ಪ ಅಂತ ಕೇಳಿದೆ. ಕಿರುಬೆರಳು ತೋರಿಸಿದರು. "ಇಷ್ಟು. ಅಂದಾಜು."

ಮಣಿ ಅಂಗಡಿಯಲ್ಲಿ ಸಿಗುತ್ತದೆ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಕತೆ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಅವತ್ತು ರಾತ್ರಿ ಟೆಕ್ಸಾಸಿನಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. ಸಾಫ್ಟ್‌ವೇರ್ ಕೆಲಸ ಅವನ ಹೊಟ್ಟೆಪಾಡು. ಗ್ಯಾರೇಜಿನಲ್ಲಿ ಸೀಸ ಕರಗಿಸಿ ಪಿಸ್ತೂಲಿನ ಗುಂಡು ಎರಕ ಹೊಯ್ಯುವುದು ಅವನ ಸುಖ. ಹೊಡೆದ ತೋಟಾಗಳ ಖಾಲಿ ಕೇಸು ಹೆಕ್ಕಿಕೊಂಡು ಬಂದು, ಕಿಡಿ ಹೊತ್ತಿಸುವ ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿ ಮತ್ತೆ ಹೊಡೆಯುತ್ತಾನೆ. ಅಲ್ಲಿ ಅದು ಹವ್ಯಾಸ. ಇಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ 1959ರ ಆರ್ಮ್ಸ್ ಆ್ಯಕ್ಟಿನ ಪ್ರಕಾರ ಸೀದಾ ಮಾವನ ಮನೆ. ನಮ್ಮ ಕಡೆ ಬೆಳೆ ಕಾಯುವ ಕೋವಿಯನ್ನೇ ಚುನಾವಣೆ ಬಂತೆಂದರೆ ಒಪ್ಪಿಸಿ ಬರಬೇಕು. ಆಗ ತೋಟದಲ್ಲಿ ಮಂಗಗಳ ಪ್ರಚಾರಸಭೆ ಬೇರೆ.

ನಾನು ಸುಮ್ನೆ "ಸೀಸದ ಮಣಿ ಬೇಕಿತ್ತು" ಅಂದದ್ದಷ್ಟೇ. ಅವನು ಒಂದು ಗಂಟೆ ಪಾಠ ಮಾಡಿದ. ಸೀಸ 327 ಡಿಗ್ರಿಯಲ್ಲಿ ಕರಗುತ್ತದೆ. ಟೈರಿಗೆ ಹೊಡೆಯುವ ಬ್ಯಾಲೆನ್ಸ್ ತೂಕ ಒಳ್ಳೆಯ ಮಾಲು, ಆದರೆ ಸತುವಿನ ತೂಕ ಒಂದೂ ಸೇರಬಾರದು. ಹಳೇ ಬ್ಯಾಟರಿ ಮುಟ್ಟಲೇಬಾರದು. ಹೊರಗೆ ಗಾಳಿಯಲ್ಲೇ ಕರಗಿಸಬೇಕು. ಅಚ್ಚು ತಣ್ಣಗಿದ್ದರೆ ಗುಂಡು ಸುಕ್ಕುಗಟ್ಟುತ್ತದೆ, ಜಾಸ್ತಿ ಬಿಸಿಯಾದರೆ ಮಂಜು ಕುಳಿತ ಹಾಗೆ ಬಿಳಿಚಿಕೊಳ್ಳುತ್ತದೆ.

"ಇದೆಲ್ಲ ಸುಲಭ. ಜೀವ ಇರುವುದು ಸೈಜಿಂಗ್‌ನಲ್ಲಿ" ಅಂದ. 9 ಎಂಎಂ ಪಿಸ್ತೂಲಿನ ನಳಿಗೆಯ ಒಳಗಿನ ಅಳತೆ ಸಾಧಾರಣ 0.355 ಇಂಚಂತೆ. ಎರಕದ ಗುಂಡು 0.356 ಇರಬೇಕಂತೆ. ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು ದಪ್ಪ. ತಲೆಕೂದಲಿಗಿಂತ ತೆಳು. ಅಷ್ಟೂ ಇಲ್ಲದಿದ್ದರೆ ಬಿಸಿ ಗಾಳಿ ಗುಂಡಿನ ಪಕ್ಕದಿಂದ ನುಗ್ಗಿ, ಸೀಸ ಕರಗಿ, ನಳಿಗೆಯ ಒಳಗೆಲ್ಲ ಮೆತ್ತಿಕೊಳ್ಳುತ್ತದೆ. ಜಾಸ್ತಿ ದಪ್ಪವಾದರೆ ತೋಟಾ ಪಿಸ್ತೂಲಿನ ಗೂಡಿನಲ್ಲಿ ಕೂರುವುದೇ ಇಲ್ಲ. ಅದಕ್ಕೇ ಮೊದಲು ಸ್ವಲ್ಪ ದಪ್ಪಕ್ಕೆ ಎರೆದು, ಜಿಡ್ಡು ಹಚ್ಚಿ, ಉಕ್ಕಿನ ತೂತಿನಲ್ಲಿ ಒತ್ತಿ ಆ ಕಡೆ ದಾಟಿಸುವುದು. ಇದೇ ಸೈಜಿಂಗ್.

ನನ್ನ ತಲೆಯಲ್ಲಿ ಹುಳ ಬಿತ್ತು. ಬಲೆಯ ಮಣಿಯನ್ನೂ ಇದೇ ಅಳತೆಗೆ ನಾನೇ ಎರೆಯಬೇಕು. ಬಲೆಯ ಮಣಿ ನದಿಯ ತಳಕ್ಕೆ ಹೋಗಿ ಕೂತರೆ ಸಾಕು, ಅದಕ್ಕೆ ಯಾವ ನಳಿಗೆಯೂ ಇಲ್ಲ. ಈ ವಿಷಯ ನನಗೆ ಹೊಳೆದದ್ದು ಬಹಳ ತಡವಾಗಿ.

ಟೈರ್ ಅಂಗಡಿಯಿಂದ ಎರಡು ಕಿಲೋ ತೂಕ ತಂದೆ. ಹಿತ್ತಿಲ ಕೊಟ್ಟಿಗೆಯ ಮಾಡಿನಡಿ ಒಲೆ ಹೂಡಿದೆ. ಸೀಸ ಕರಗಿತು. ಕಬ್ಬಿಣದ ಕ್ಲಿಪ್ಪುಗಳೆಲ್ಲ ಸಾರಿನ ಒಗ್ಗರಣೆಯ ಹಾಗೆ ಮೇಲೆ ತೇಲಿದವು. ಕಬ್ಬಿಣ ತೇಲುವುದನ್ನು ನಾನು ನೋಡಿದ್ದು ಅದೇ ಮೊದಲು. ಹೆಂಡತಿಯನ್ನು ಕರೆದೆ. ಬರಲಿಲ್ಲ.

ಅಚ್ಚಿಗೆ ಕೆಂಪು ಕಲ್ಲು ಆರಿಸಿಕೊಂಡೆ. ಮೆತ್ತಗೆ ಇರುತ್ತದೆ, ಡ್ರಿಲ್ ಸಲೀಸಾಗಿ ಇಳಿಯುತ್ತದೆ. ಆರು ಗುಳಿ ಕೊರೆದೆ. ಮಣಿಗೆ ದಾರದ ತೂತು ಬೇಕಲ್ವಾ, ಒಂದೊಂದು ಗುಳಿಯ ನಡುವೆ ಮಸಿ ಹಿಡಿಸಿದ ಸೈಕಲ್ ಕಡ್ಡಿ ನಿಲ್ಲಿಸಿದೆ. ಸೌಟಿನಲ್ಲಿ ಸೀಸ ಎರೆದೆ.

ಕೆಂಪು ಕಲ್ಲಿನ ಮೈತುಂಬ ತೂತು. ಜುಲೈ ತಿಂಗಳಲ್ಲಿ ಆ ತೂತುಗಳ ತುಂಬ ನೀರು. ಕಾದ ಸೀಸ ತಾಗಿದ್ದೇ ತಡ, ಆ ನೀರು ಆವಿಯಾಗಿ "ಭುಸ್ಸ್" ಅಂತ ಹೊರಗೆ ಹಾರಿತು. ಜೊತೆಗೆ ಸೀಸವೂ. ಗೋಡೆ, ಮಾಡು, ತೂಗುಹಾಕಿದ್ದ ಬೈರಾಸು, ಎಲ್ಲದರ ಮೇಲೂ ಬೆಳ್ಳಿ ಚುಕ್ಕಿ. ಕನ್ನಡಕ, ಉದ್ದ ತೋಳಿನ ಅಂಗಿ, ಬೂಟು ಹಾಕಿದ್ದೆ. ಹಾಗಾಗಿ ಈ ಬರಹ ಬರೆಯಲು ಕಣ್ಣು ಉಳಿದಿದೆ.

ಕಲ್ಲನ್ನು ಬಚ್ಚಲ ಒಲೆಯ ಪಕ್ಕ ಮೂರು ದಿನ ಒಣಗಿಸಿದೆ. ಆಮೇಲೆ ಮಣಿ ಬಂತು. ಮುಖದಲ್ಲಿ ಸಿಡುಬಿನ ಕಲೆ, ಸೊಂಟ ಒಂದೊಂದಕ್ಕೆ ಒಂದೊಂದು ಅಳತೆ. ವರ್ನಿಯರ್ ಹಿಡಿದು ಅಳೆದರೆ ಒಂದು 9.3 ಮಿಲಿಮೀಟರ್, ಇನ್ನೊಂದು 10. ಇನ್ನು ಸೈಜಿಂಗ್ ಬಿಟ್ಟು ಬೇರೆ ದಾರಿ ಇರಲಿಲ್ಲ.

ಒತ್ತುವುದಕ್ಕೆ ಯಂತ್ರ ಬೇಕು. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಅತ್ತೆಯ ಹಿತ್ತಾಳೆಯ ಚಕ್ಕುಲಿ ಒರಳು ಕಾಣಿಸಿತು. ತಿರುಪಿನದ್ದು, ಭಾರದ್ದು. ಬಿಲ್ಲೆ ತೆಗೆದು ಬೇರೆ ಬಿಲ್ಲೆ ಹಾಕಬಹುದು. ಟೆಕ್ಸಾಸಿನವನು ಡಾಲರ್ ಕೊಟ್ಟು ತಂದ ಸಾಮಾನಿಗೂ ಇದಕ್ಕೂ ತತ್ವದಲ್ಲಿ ಏನು ವ್ಯತ್ಯಾಸ? ಲೇತ್ ಅಂಗಡಿಯಲ್ಲಿ ದಪ್ಪ ಉಕ್ಕಿನ ಬಿಲ್ಲೆ ಮಾಡಿಸಿದೆ. ನಡುವೆ ಒಂದೇ ತೂತು. 0.356 ಇಂಚು ಅಂದರೆ 9.04 ಮಿಲಿಮೀಟರ್. "9.04 ಬರಬೇಕು" ಅಂದೆ. ಲೇತಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ಎಂತ ಚಕ್ಕುಲಿ ಮಾರಾಯ್ರೆ?" ಅಂದ.

ಹೆಂಡತಿ ತವರಿಗೆ ಹೋದ ದಿನ ಕೆಲಸ ಶುರು. ಜಿಡ್ಡಿಗೆ ತೆಂಗಿನೆಣ್ಣೆ. ಮೊದಲ ಮಣಿ ಕಿರ್ರ್ ಅಂತ ಇಳಿದು ಕೆಳಗೆ ಬಿತ್ತು. ನುಣ್ಣಗೆ, ಮಿರಿಮಿರಿ. ಅಳೆದರೆ 9.04! ಕಣ್ಣಲ್ಲಿ ನೀರು ಬಂತು. ಏಳೆಂಟು ಹಾಗೇ ಇಳಿದವು. ಮುಂದಿನದಕ್ಕೆ ಎಣ್ಣೆ ಹಚ್ಚಲು ಮರೆತೆ. ಅರ್ಧ ಹೋಗಿ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹಿಡಿಗೆ ಪೈಪ್ ಸಿಕ್ಕಿಸಿ ತಿರುಗಿಸಿದೆ. ಟಪ್ ಅಂತ ಶಬ್ದ. ಹಿಡಿ ನನ್ನ ಕೈಯಲ್ಲಿ, ತಿರುಪು ಒರಳಿನಲ್ಲಿ.

ಅದಕ್ಕಿಂತ ದೊಡ್ಡ ಸಂಗತಿ ಆಗ ಕಣ್ಣಿಗೆ ಬಿತ್ತು. ಸೀಸ ಮೆತ್ತಗಿನದ್ದಲ್ವಾ, ಹೊರಗಿನಿಂದ ಒತ್ತಿದರೆ ಒಳಗಿನ ತೂತು ಮುಚ್ಚಿಕೊಳ್ಳುತ್ತದೆ. ದಾರ ಬಿಡಿ, ಸೂಜಿಯೂ ಹೋಗುತ್ತಿರಲಿಲ್ಲ. ಇಷ್ಟು ಕಷ್ಟಪಟ್ಟು ನಾನು ಮಣಿಯನ್ನು ಗುಂಡು ಮಾಡಿದ್ದೆ.

ರಾತ್ರಿ ಅವನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಮೂಲೆಯಲ್ಲಿ ಮಾತ್ರ, ಅದೂ ಕೂಗಿದರೆ. "ಗುಂಡು ಸರಿ ಬಂದಿದೆ! 9 ಎಂಎಂ! ಮನೆಯಲ್ಲೇ ಮಾಡಿದ್ದು!" ಅಂತ ಕೂಗಿದೆ. ಪಕ್ಕದ ಮನೆಯ ದೀಪ ಹತ್ತಿತು, ತಕ್ಷಣ ಆರಿತು.

ಬೆಳಿಗ್ಗೆ ಹಾಲಿನ ಡಿಪೋದಲ್ಲಿ ನಾನು ಹೋದದ್ದೇ ಎಲ್ಲರೂ ದಾರಿ ಬಿಟ್ಟರು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಮೆಲ್ಲಗೆ ಪಕ್ಕಕ್ಕೆ ಕರೆದರು. "ಮನೆಯಲ್ಲೇ ಗುಂಡು ತಯಾರಿಸ್ತೀರಂತೆ? ಗೇರುಹಣ್ಣಿನದ್ದಾ?" ಅಲ್ಲ, ಸೀಸದ್ದು ಅಂದೆ. "ಸೀಸೆಯದ್ದಾದರೂ ಅಡ್ಡಿಲ್ಲ, ಒಂದು ಕ್ವಾರ್ಟರ್ ಇಡಿ" ಅಂದರು.

ಹೆಂಡತಿ ವಾಪಸಾದಳು. ಒರಳು ನೋಡಿದಳು. ಅಷ್ಟಮಿಗೆ ತಿಂಗಳಿತ್ತು. ಉಡುಪಿಯವರಿಗೆ ಅಷ್ಟಮಿ ಅಂದರೆ ಉಂಡೆ, ಚಕ್ಕುಲಿ. "ಉಂಡೆ ನೀವು ಆಗಲೇ ಮಾಡಿ ಇಟ್ಟಿದ್ದೀರಿ" ಅಂದಳು. ಸೀಸ ವಿಷ, ರಿಪೇರಿಯಾದರೂ ಆ ಒರಳಿನಲ್ಲಿ ಇನ್ನು ತಿಂಡಿ ಒತ್ತುವ ಹಾಗಿಲ್ಲ ಅಂತ ನಾನೇ ಹೇಳಬೇಕಾಯಿತು. ಅತ್ತೆಗೆ ವಿಷಯ ತಿಳಿಸುವ ಕೆಲಸವೂ ನನಗೇ ಬಂತು. ಮರುದಿನ ರಥಬೀದಿಯಲ್ಲಿ ಹೊಸ ಒರಳು ತಂದೆವು. ಅದರ ದುಡ್ಡಿನಲ್ಲಿ ಅಂಗಡಿಯ ಮಣಿ ಮೂರು ಬಲೆಗೆ ಆಗುತ್ತಿತ್ತು.

ಹಟ ಬಿಡಲಿಲ್ಲ. ಉಳಿದ ಮಣಿಗಳನ್ನು ಸೈಜಿಂಗ್ ಇಲ್ಲದೆ, ಸಿಡುಬಿನ ಮುಖದಲ್ಲೇ ಪೋಣಿಸಿದೆ. ಕೆಮ್ಮಣ್ಣಿನ ಅಜ್ಜ ಒಂದನ್ನು ಕಿರುಬೆರಳ ಪಕ್ಕ ಹಿಡಿದು ನೋಡಿ, "ಸರಿ ಉಂಟು" ಅಂದರು. ಒಂಬತ್ತೂ ಅಲ್ಲ, ಸಾವಿರದಲ್ಲೊಂದೂ ಅಲ್ಲ. ಸರಿ ಉಂಟು.

ಭಾನುವಾರ ಸ್ವರ್ಣಾ ನದಿಯ ದಡಕ್ಕೆ ಹೋದೆ. ಬಲೆಯನ್ನು ಮೊಣಕೈಗೆ ಹಾಕಿ, ಸೊಂಟ ತಿರುಗಿಸಿ ಬೀಸಿದೆ. ಬಲೆ ಬಾನಿನಲ್ಲಿ ನೀರುದೋಸೆಯ ಹಾಗೆ ಅಗಲವಾಯಿತು. ನೂರು ಮಣಿ ಒಟ್ಟಿಗೆ ನೀರಿಗೆ ತಾಗಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಬಲೆ ಮುಳುಗಿತು. ಅಷ್ಟು ಚೆಂದ ಮುಳುಗಿದ ಬಲೆಯನ್ನು ನಾನು ನೋಡಿಯೇ ಇಲ್ಲ. ಹಗ್ಗವೂ ಹಿಂದೆಯೇ ಹೋಯಿತು. ಅದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಲು ಮರೆತಿದ್ದೆ.

ಸಂಜೆ ನೀರಿಳಿದಾಗ ಮರುವಾಯಿ ಚಿಪ್ಪು ಹೆಕ್ಕುವ ಹುಡುಗರು ಬಲೆ ಎತ್ತಿ ತಂದರು. ಅದರಲ್ಲಿ ಅಂಗೈ ಅಗಲದ ಒಂದು ಏಡಿ. ಬಲೆ ನನಗೆ ಕೊಟ್ಟರು. ಏಡಿ ಅವರಿಟ್ಟುಕೊಂಡರು.