ಪ್ರಶಸ್ತಿ ಬಂತು, ಚೀಟಿ ಎಲ್ಲಿಟ್ಟಿದ್ದೀವಿ ಹುಡುಕ್ರೋ

2020ರ ಫೆಬ್ರವರೀಲಿ ಆಸ್ಕರ್ ಮುಗ್ದಿತ್ತು, ಪ್ಯಾರಸೈಟ್ ಗೆದ್ದಿತ್ತು, ನಮ್ಮ ಗುಂಪಲ್ಲಿ ಐದು ಜನಾನೂ ಅದನ್ನ ಗೆಸ್ ಮಾಡಿರ್ಲಿಲ್ಲ. ಮಾನ ಹೋಯ್ತಲ್ಲ ಅಂತ ಮಲ್ಲೇಶ್ವರದ ದರ್ಶಿನಿ ಮುಂದೆ ನಿಂತ್ಕೊಂಡು ಒಂದು ತೀರ್ಮಾನ ಮಾಡಿದ್ವಿ: ನಮಗೆ ಗೊತ್ತಿರೋ ಸಿನಿಮಾಗಳ ಮೇಲೆ ಬೆಟ್ ಕಟ್ಟೋಣ, 2019ರ ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿ ಹೆಂಗೂ ಇನ್ನೇನು ಅನೌನ್ಸ್ ಆಗತ್ತೆ, ಅತ್ಯುತ್ತಮ ನಟ ಯಾರು ಅಂತ ಸರಿಯಾಗಿ ಬರೆದೋರಿಗೆ ಉಳಿದ ನಾಲ್ಕು ಜನ ಸೇರಿ ಮಸಾಲೆ ದೋಸೆ ಕೊಡಿಸ್ಬೇಕು. ಮಜಾಕ್ಕೆ ಬೇರೆ ಪ್ರಶಸ್ತಿಗಳ ಗೆಸ್ಸೂ ಸೇರಿಸಿ ಚೀಟಿ ಬರೆದು ಬಿಸ್ಕತ್ ಡಬ್ಬಕ್ಕೆ ಹಾಕಿ, ಡಬ್ಬ ನಮ್ಮ ಮೇಷ್ಟ್ರ ಮನೇಲಿ ಇಟ್ವಿ.

"ಇನ್ನೇನು" ಅಂದ್ನಲ್ಲ, ಆ ಪದಕ್ಕೆ ಸರ್ಕಾರದ ನಿಘಂಟಲ್ಲಿ ಐದು ವರ್ಷ ಅಂತ ಅರ್ಥ ಇದೆ.

ಸರಿ, ಕೊರೊನಾ ಬಂತು, ಅದೊಂದು ಕಾರಣ ಒಪ್ಕೋಣ. ಆದ್ರೆ ಕೊರೊನಾ ಹೋಗಿ ಮಾಸ್ಕು ನೆಲ ಒರೆಸೋ ಬಟ್ಟೆ ಆದ್ರೂ ಪ್ರಶಸ್ತಿ ಇಲ್ಲ. ಯಡಿಯೂರಪ್ಪ ಹೋದ್ರು, ಬೊಮ್ಮಾಯಿ ಬಂದ್ರು, ಅವರೂ ಹೋಗಿ ಸಿದ್ದರಾಮಯ್ಯ ಬಂದ್ರು. ನಾವು ಸಿನಿಮಾ ನೋಡ್ತಿದ್ದ ಕಾವೇರಿ ಥಿಯೇಟರೇ 2024ರಲ್ಲಿ ಬಾಗಿಲು ಹಾಕ್ತು. ಚೀಟಿ ಬರೆಯೋವಾಗ ಮದುವೆಗೆ ಹುಡುಗಿ ನೋಡ್ತಿದ್ದ ನಮ್ಮ ಬ್ಯಾಂಕಿನೋನಿಗೆ ಮದುವೆ ಆಗಿ, ಮಗು ಆಗಿ, ಆ ಮಗು ಎಲ್‌ಕೆಜಿ ಸೇರ್ಕೊಂಡು ಅಪ್ಪನಿಗೇ ರೈಮ್ಸ್ ಹೇಳ್ಕೊಡ್ತಿದೆ.

ಕೊನೆಗೆ 2025ರ ಜನವರಿ 22ಕ್ಕೆ ಪಟ್ಟಿ ಬಂತು. ಹೌದು ಸ್ವಾಮಿ, 2019ರ ಪಟ್ಟೀನೇ. ಮದುವೆಗೆ ಕರೆದ್ರೆ ನಾಮಕರಣಕ್ಕೆ ಬರೋ ನೆಂಟರು ಇರ್ತಾರಲ್ಲ, ಹಂಗೆ. ಇವ್ರು ಮಗೂನ ಸ್ಕೂಲಿಗೆ ಸೇರಿಸಿದ ಮೇಲೆ ಬಂದು "ಊಟ ಆಯ್ತಾ" ಅಂತ ಕೇಳಿದ್ರು ಅಷ್ಟೇ.

ಎಲ್ರೂ ಮೇಷ್ಟ್ರ ಮನೇಲಿ ಸೇರಿದ್ವಿ. ಡಬ್ಬ ಸಿಗೋಕೇ ಅರ್ಧ ಗಂಟೆ, ಮೇಷ್ಟ್ರ ಮನೆಯವ್ರು ಅದ್ರಲ್ಲಿ ಹುಣಸೆಹಣ್ಣು ತುಂಬಿ ಅಟ್ಟಕ್ಕೆ ಹಾಕಿದ್ರು, ಚೀಟಿಗಳನ್ನ ಮಾತ್ರ ಪುಣ್ಯಕ್ಕೆ ಯಾವ್ದೋ ಗ್ಯಾಸ್ ಬಿಲ್ಲಿನ ಜೊತೆ ಮೊಳೆಗೆ ಚುಚ್ಚಿದ್ರು. ಇಂಕು ಅರ್ಧ ಹೋಗಿತ್ತು. ಹಲ್ಮಿಡಿ ಶಾಸನ ಓದೋರ ಥರ ಕಿಟಕಿ ಹತ್ರ ಹಿಡಿದು ಓದಿದ್ವಿ.

ಮೇಷ್ಟ್ರು ಅತ್ಯುತ್ತಮ ಚಿತ್ರ ಅನ್ನೋ ಕಡೆ ಮೋಹನದಾಸ ಅಂತ ಬರೆದಿದ್ರು. ಕರೆಕ್ಟು! "ಗಾಂಧೀಜಿ ಬಾಲ್ಯ, ಪಿ. ಶೇಷಾದ್ರಿ ಡೈರೆಕ್ಷನ್, ಇದಕ್ಕೆ ಕೊಡದೆ ಇನ್ಯಾವುದಕ್ಕೆ ಕೊಡ್ತಾರಪ್ಪ" ಅಂತ ಕಾಲರ್ ಎತ್ತಿದ್ರು. ನಾನು ಮಾತ್ರ ಸರಿಯಾಗಿ ಏಮಾರಿದ್ದು ಎರಡನೇ ಚಿತ್ರದಲ್ಲಿ. ಲವ್ ಮಾಕ್‌ಟೇಲ್ ಬರಿ ಅಂತ ಗುಂಪಲ್ಲಿದ್ದ ಒಬ್ಬಳೇ ಗೆಳತಿ ಬಡ್ಕೊಂಡಿದ್ಲು, ನಾನು ದೊಡ್ಡ ತಿಳಿದೋನ ಥರ, ಅದು ರಿಲೀಸ್ ಆಗಿದ್ದು 2020ರ ಜನವರಿ 31ಕ್ಕೆ ಕಣೆ, ಮುಂದಿನ ವರ್ಷದ ಲೆಕ್ಕ ಅದು ಅಂದಿದ್ದೆ. ಲೆಕ್ಕ ರಿಲೀಸ್ ಮೇಲಲ್ಲ, ಸೆನ್ಸಾರ್ ಸರ್ಟಿಫಿಕೇಟ್ ಮೇಲೆ ಅಂತೆ! ಎರಡನೇ ಅತ್ಯುತ್ತಮ ಚಿತ್ರ ಲವ್ ಮಾಕ್‌ಟೇಲ್. ಅವಳು ಐದು ವರ್ಷದ ಮೇಲೆ "ನಾನು ಹೇಳ್ಲಿಲ್ವಾ" ಅಂದ್ಲು ನೋಡಿ, ಆ ಮಾತಿಗೆ ಬಡ್ಡಿ ಚಕ್ರಬಡ್ಡಿ ಎಲ್ಲಾ ಸೇರಿತ್ತು.

ಅತ್ಯುತ್ತಮ ನಟಿ ತ್ರಯಂಬಕಂ ಚಿತ್ರಕ್ಕೆ ಅನುಪಮಾ ಗೌಡ, ನಮ್ಮಲ್ಲಿ ಒಬ್ರೂ ಬರೆದಿರ್ಲಿಲ್ಲ.

ಒಂದು ಚೀಟೀಲಿ ಅತ್ಯುತ್ತಮ ನಟ ಅನ್ನೋ ಕಡೆ ಪುನೀತ್, ನಟಸಾರ್ವಭೌಮ ಅಂತ ಇತ್ತು, ಪಕ್ಕದಲ್ಲಿ ಎರಡು ಸ್ಟಾರ್ ಬೇರೆ. ಅದನ್ನ ಯಾರೂ ಜೋರಾಗಿ ಓದ್ಲಿಲ್ಲ. ಮೇಷ್ಟ್ರು ಮಡಚಿ ಜೇಬಿಗೆ ಇಟ್ಕೊಂಡ್ರು.

ಬ್ಯಾಂಕಿನೋನ ಚೀಟಿ ಕೊನೇದು. ಅವನು ಕಿಚ್ಚನ ಕಟ್ಟಾ ಅಭಿಮಾನಿ, ಅತ್ಯುತ್ತಮ ನಟ ಸುದೀಪ್, ಪೋಷಕ ನಟ ಸುದೀಪ್, ಗಾಯಕ ಸುದೀಪ್, ಅಷ್ಟು ಸಾಲ್ದು ಅಂತ ಅತ್ಯುತ್ತಮ ನಟಿ ಮುಂದೆನೂ ಸು ಅಂತ ಬರೆದು ಹೊಡೆದುಹಾಕಿದ್ದ. ಕುರುಡನೂ ಹತ್ತು ಕಲ್ಲು ಹೊಡೆದ್ರೆ ಒಂದು ಮಾವಿನಕಾಯಿ ಬೀಳತ್ತೆ, ಪೈಲ್ವಾನ್ ಚಿತ್ರಕ್ಕೆ ಸುದೀಪ್ ಅತ್ಯುತ್ತಮ ನಟ! ಸುಬ್ಬಯ್ಯ ನಾಯ್ಡು ಹೆಸರಿನ ಪ್ರಶಸ್ತಿ. ಅವನು ಸೋಫಾ ಮೇಲೆ ನಿಂತು ಕುಣಿದ.

ಮಾರನೇ ದಿನ ಸುದೀಪ್ ಪೋಸ್ಟ್ ಹಾಕಿದ್ರು. ಸರ್ಕಾರಕ್ಕೂ ಜ್ಯೂರಿಗೂ ಥ್ಯಾಂಕ್ಸ್, ಆದ್ರೆ ನಾನು ಪ್ರಶಸ್ತಿ ತಗೊಳ್ಳೋದು ನಿಲ್ಸಿ ವರ್ಷಗಳಾಯ್ತು, ಅರ್ಹರು ಬೇರೆಯವ್ರಿದ್ದಾರೆ ಅನ್ನೋ ಅರ್ಥದಲ್ಲಿ. ಐದು ವರ್ಷ ಕಾದು ಬಂದ ಪಾರ್ಸಲ್ಲು ಒಂದೇ ದಿನದಲ್ಲಿ ವಾಪಸ್.

ಇನ್ನು ಶುರು ನೋಡಿ ನಮ್ಮ ವಿಧಾನಸೌಧ ಕಲಾಪ. ಗೆದ್ದೋರೇ ಬೇಡ ಅಂದ್ಮೇಲೆ ಗೆಸ್ ಕರೆಕ್ಟ್ ಹೆಂಗಾಗತ್ತೆ ಅಂತ ನಾನು. ಘೋಷಣೆ ಆಗಿದ್ದು ಆಯ್ತಲ್ಲ, ಸ್ವೀಕಾರ ಬೇರೆ ಘೋಷಣೆ ಬೇರೆ ಅಂತ ಮೇಷ್ಟ್ರು. ಗೆಳತಿ ಇನ್ನೊಂದು ಪಾಯಿಂಟ್ ತಂದ್ಲು, ದೋಸೆ ಯಾವ ವರ್ಷದ ರೇಟಲ್ಲಿ? ಆಗ 50 ಇದ್ದಿದ್ದು ಈಗ 85. ಬ್ಯಾಂಕಿನೋನು, ಚಿನ್ನಾನೇ ಐದು ವರ್ಷದಲ್ಲಿ ಡಬಲ್ ಆಗಿದೆ, ದೋಸೆ ಏನು ಮಹಾ, ತಡ ಮಾಡಿದ್ದು ನಾನಾ ಅಂತ ಕೂಗಾಡಿದ. ಜ್ಯೂರಿ ಕೂಡ ನಮ್ಮಷ್ಟು ಹೊತ್ತು ಕೂತು ಚರ್ಚೆ ಮಾಡಿರಲ್ವೇನೋ, ಗೊತ್ತಿಲ್ಲ.

ಕೊನೆಗೆ ಭಾನುವಾರ ಅದೇ ದರ್ಶಿನಿ ಮುಂದೆ ನಿಂತು ನಾಲ್ಕು ಜನ ದುಡ್ಡು ಸೇರಿಸಿ ದೋಸೆ ತಂದು ಅವನ ಮುಂದೆ ಇಟ್ವಿ. ಅವನು ಪ್ಲೇಟು ನೋಡಿದ, ನಮ್ಮನ್ನ ನೋಡಿದ, ಕೈ ಮುಗಿದ. "ನಿಮ್ಮ ಪ್ರೀತಿಗೆ ಥ್ಯಾಂಕ್ಸ್ ಕಣ್ರೋ, ಆದ್ರೆ ಬಾಸೇ ತಗೊಂಡಿಲ್ಲ, ನಾನೆಂಗೆ ತಗೊಳ್ಳಲಿ, ಅರ್ಹರು ಯಾರಾದ್ರೂ ಇದ್ರೆ..."

ವಾಕ್ಯ ಮುಗಿಯೋದ್ರೊಳಗೆ ಅರ್ಹರು ನಾಲ್ಕೂ ಕಡೆಯಿಂದ ಕೈ ಹಾಕಿ ಆಗಿತ್ತು. ಚಟ್ನಿ ಬಟ್ಟಲೊಂದು ಅವನ ಪಾಲಿಗೆ ಉಳೀತು. ಮೇಷ್ಟ್ರು ಬಾಯಿ ಒರೆಸ್ಕೊಂಡು, 2020ರ ಪ್ರಶಸ್ತಿಗೆ ಬರೆದ ಚೀಟಿ ಡಬ್ಬ ಯಾರ ಮನೇಲಿದೆ ಅಂತ ಕೇಳಿದ್ರು. ಒಬ್ರಿಗೂ ನೆನಪಿಲ್ಲ.