ಯಾರಿಗೆ ಎಷ್ಟು ಫೀಸು ಬಿಡಬೇಕು ಅಂತ ಶಾಲೆಯವರೇ ತೀರ್ಮಾನಿಸಬಹುದಾ?

ಪರ: ಬಿಡಲಿ, ಅವರಿಗೇ ಬಿಡಿ

ನಾನು ಒಂದು ಸಣ್ಣ ಖಾಸಗಿ ಶಾಲೆಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದವನು. ಮೇ ಕೊನೆ ಬಂತೆಂದರೆ ಕೌಂಟರ್ ಮುಂದೆ ನಿಂತವರಲ್ಲಿ ಅರ್ಧ ಜನ "ಏನಾದ್ರೂ ಕಮ್ಮಿ ಮಾಡ್ಕೊಡಿ ಸಾರ್" ಅಂತಲೇ ಮಾತು ಶುರು ಮಾಡುತ್ತಿದ್ದರು. ಕಾರಿನಲ್ಲಿ ಬಂದವರೂ ಕೇಳುತ್ತಿದ್ದರು, ಅದು ಬೇರೆ ಮಾತು. ಆದರೆ ಗಂಡ ತೀರಿಕೊಂಡು ಮೂರು ತಿಂಗಳೂ ಆಗದ ಹೆಂಗಸೊಬ್ಬರು ಅದೇ ಸಾಲಿನಲ್ಲಿ ನಿಂತಿದ್ದರು. ಅವರಿಗೆ ಏನು ಹೇಳೋದು? ಅರ್ಜಿ ಬರೆಯಿರಿ, ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರ ತನ್ನಿ, ಕಮಿಟಿ ಕೂತು ನೋಡುತ್ತೆ ಅಂತಲಾ? ನಮ್ಮ ಕಾರ್ಯದರ್ಶಿ ಒಂದು ಚೀಟಿಯಲ್ಲಿ "ಅರ್ಧ ಬಿಡಿ" ಅಂತ ಬರೆದು ಕಳಿಸಿದರು. ಕೆಲಸ ಮುಗೀತು.

ಇದು ಗುಟ್ಟಾಗಿ ಯಾಕೆ ನಡೀಬೇಕು ಅನ್ನುವವರಿಗೆ ಒಂದೇ ಮಾತು. ನೋಟಿಸ್ ಬೋರ್ಡಿಗೆ ಹಾಕಿದರೆ ಆ ಹೆಂಗಸಿನ ಮಗನನ್ನು ಕ್ಲಾಸಿನಲ್ಲಿ ಏನಂತ ಕರೆಯುತ್ತಾರೆ ಗೊತ್ತಲ್ವಾ?

ಎಲ್ಲರಿಗೂ ಒಂದೇ ನಿಯಮ ಮಾಡಿದರೆ ಏನಾಗುತ್ತೆ ಅನ್ನೋದನ್ನೂ ನೋಡಿದ್ದೇವೆ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2021ರ ಜನವರಿಯಲ್ಲಿ, ರಾಜ್ಯ ಸರ್ಕಾರ ಬೋಧನಾ ಶುಲ್ಕದ 70% ಮಾತ್ರ ತಗೊಳ್ಳಿ ಅಂತ ಆದೇಶ ಹೊರಡಿಸಿತು. ಮನೆಯಿಂದಲೇ ಕೆಲಸ ಮಾಡುತ್ತಾ ಒಂದು ರೂಪಾಯಿ ಸಂಬಳ ಕಳೆದುಕೊಳ್ಳದ ಇಂಜಿನಿಯರ್‌ಗೂ 30% ಕಡಿತ, ತಿಂಗಳುಗಟ್ಟಲೆ ಆಟೋ ಮನೆ ಮುಂದೆ ನಿಲ್ಲಿಸಿಕೊಂಡವನಿಗೂ ಅಷ್ಟೇ. ಹೊಡೆತ ಬಿದ್ದಿದ್ದು ಸಣ್ಣ ಶಾಲೆಗಳ ಮೇಲೆ, ಅಲ್ಲಿಂದ ಮೇಷ್ಟ್ರುಗಳ ಸಂಬಳದ ಮೇಲೆ. ಕೊನೆಗೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಆ ಆದೇಶ ರದ್ದು ಮಾಡಿ, ರಾಜಸ್ಥಾನದ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದಂತೆ 15% ಕಡಿತ ಸಾಕು ಅಂದಿತು. ಶಾಲೆಗಳು ಇದಕ್ಕಿಂತ ಜಾಸ್ತಿ ಬಿಡುವುದಾದರೆ ಬಿಡಲಿ ಅಂತಲೂ ಸುಪ್ರೀಂ ಕೋರ್ಟು ಹೇಳಿತ್ತು. ಯಾರಿಗೆ ಜಾಸ್ತಿ ಬಿಡಬೇಕು ಅನ್ನೋದು ದಿನಾ ಮಕ್ಕಳ ಮುಖ ನೋಡುವವರಿಗೆ ಗೊತ್ತಿರುತ್ತೆ, ವಿಧಾನಸೌಧಕ್ಕಲ್ಲ.

ವಿರೋಧ: ಮೊದಲು ನಿಜವಾದ ಫೀಸು ಎಷ್ಟು ಹೇಳಿ

ಈ ಮಾತು ಬಂದಾಗೆಲ್ಲ ಗಂಡ ತೀರಿಕೊಂಡ ಹೆಂಗಸಿನ ಕಥೆಯನ್ನೇ ಮುಂದಿಡುತ್ತಾರೆ. ಅಂಥವರಿಗೆ ಬಿಡಬೇಡಿ ಅಂತ ಯಾರು ಹೇಳಿದರು? ನನ್ನ ಜಗಳ ಆ ಚೀಟಿಯ ಜೊತೆ. ಅದೇ ಪೆನ್ನಿನಿಂದ ಕಾರ್ಪೊರೇಟರ್ ಸಂಬಂಧಿಕರಿಗೂ, ಶಾಲೆಯ ಕಾಂಪೌಂಡು ಕಟ್ಟಿದ ಕಾಂಟ್ರಾಕ್ಟರ್ ಮಗನಿಗೂ ಚೀಟಿ ಹೋಗಿರಬಹುದು. ನಮಗೆ ಗೊತ್ತಾಗೋದೇ ಇಲ್ಲವಲ್ಲ.

ನನ್ನ ಮಗಳ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಹಾಳೆಯ ಮೇಲೆ 72,000 ಅಂತ ಇತ್ತು. "ನಿಮಗೋಸ್ಕರ 60 ಮಾಡ್ತೀವಿ" ಅಂದರು. ನಾನೂ ಖುಷಿಯಿಂದ ಕಟ್ಟಿ ಬಂದೆ, ಪೆದ್ದ. ಆಮೇಲೆ ಗೇಟಿನ ಹತ್ತಿರ ಮಾತಾಡುವಾಗ ಗೊತ್ತಾಯಿತು, ಒಬ್ಬರು 55 ಕಟ್ಟಿದ್ದಾರೆ, ಇನ್ನೊಬ್ಬರು 64, ನಮಗೆ ಪರಿಚಯ ಇದ್ದವರಲ್ಲಿ 72 ಕಟ್ಟಿದವರು ಒಬ್ಬರೂ ಇಲ್ಲ. ಹಾಗಿದ್ದರೆ 72 ಎಲ್ಲಿಂದ ಬಂತು? ಸೀರೆ ಅಂಗಡಿಯಲ್ಲಿ ಮೊದಲು ಹೇಳುವ ರೇಟು, ಅಷ್ಟೇ.

ಇನ್ನೊಂದಿದೆ, ಇದೇ ನನಗೆ ಜಾಸ್ತಿ ಉರಿದಿದ್ದು. ಚಿಕ್ಕವನು ಅದೇ ಶಾಲೆಗೆ ಸೇರಿದಾಗ ಎರಡನೇ ಮಗು ಅಂತ 10% ಬಿಟ್ಟಿದ್ದರು. ಆ ವರ್ಷ ನಾನು ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ, ಅಭಿವೃದ್ಧಿ ಶುಲ್ಕ ಅಂತ ತಗೊಂಡಿದ್ದೀರಲ್ಲ, ಯಾವುದಕ್ಕೆ ಖರ್ಚು ಮಾಡಿದಿರಿ ಅಂತ ಕೇಳಿದೆ. ಮುಂದಿನ ಜೂನ್‌ನಲ್ಲಿ ನಮ್ಮ 10% ಹೋಯಿತು. ಪ್ರಿನ್ಸಿಪಾಲರು "ಮ್ಯಾನೇಜ್‌ಮೆಂಟ್ ಡಿಸಿಷನ್ ಸಾರ್" ಅಂದರು. ಪಕ್ಕದ ಮನೆಯವರದ್ದೂ ಇಬ್ಬರು ಮಕ್ಕಳು, ಅವರದ್ದು ಹಾಗೇ ಉಳಿದಿದೆ. ಅವರೀಗ ಗ್ರೂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಹಾಕುತ್ತಾರೆ.

ಕೋರ್ಟಿನ 15% ವಿಷಯ ಹೇಳುವವರು ಅದರ ಹಿಂದಿನ ಲೆಕ್ಕ ಹೇಳುವುದಿಲ್ಲ. ಶಾಲೆ ಮುಚ್ಚಿದ್ದಾಗ ಕರೆಂಟು, ನೀರು, ಪೆಟ್ರೋಲು ಉಳಿದಿದೆ, ಉಳಿದಿದ್ದನ್ನು ಪೋಷಕರಿಗೆ ಕೊಡಿ ಅಂತ ಅಲ್ಲಿ ಕಾರಣ ಬರೆದಿದ್ದಾರೆ. ನಮಗೆ ಬೇಕಾಗಿರೋದೂ ಅದೇ, ಕಾರಣ. ಮಕ್ಕಳ ಹೆಸರು ಬೋರ್ಡಿಗೆ ಹಾಕಬೇಡಿ. ಯಾವ ಸಂದರ್ಭದಲ್ಲಿ ಎಷ್ಟು ಬಿಡುತ್ತೀರಿ, ಈ ವರ್ಷ ಎಷ್ಟು ಜನಕ್ಕೆ ಬಿಟ್ಟಿರಿ, ಅದನ್ನು ಹಾಕಿ.

ಬಡವರ ಮೇಲೆ ಅಷ್ಟು ಪ್ರೀತಿ ಇದ್ದಿದ್ದರೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟುಗಳ ಬಗ್ಗೆ ಇಷ್ಟು ಸುಮ್ನೆ ಇರುತ್ತಿರಲಿಲ್ಲ. 2009ರ ಆ ಕಾಯ್ದೆ ಬಡ, ಹಿಂದುಳಿದ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ 25% ಸೀಟನ್ನು ಹಕ್ಕು ಅಂತ ಕೊಟ್ಟಿತ್ತು. ನಮ್ಮ ರಾಜ್ಯದಲ್ಲಿ 2019ರಲ್ಲಿ ಆ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ. ಹಕ್ಕಿನಿಂದ ಒಳಗೆ ಬರುತ್ತಿದ್ದ ಮಗುವಿನ ಅಮ್ಮ ಈಗ ಅದೇ ಕೌಂಟರ್ ಮುಂದೆ ಕೈಮುಗಿದು ನಿಲ್ಲಬೇಕು, ಆಮೇಲೆ ಇವರು ಅರ್ಧ ಬಿಟ್ಟು ದೊಡ್ಡವರಾಗುತ್ತಾರೆ.

ನಮ್ಮ 10% ಯಾಕೆ ತೆಗೆದಿರಿ ಅಂತ ಎರಡು ಸಲ ಬರೆದುಕೊಟ್ಟೆ. ಆಫೀಸಿನವರು ಪತ್ರ ಇಟ್ಟುಕೊಂಡರು, ಸ್ವೀಕೃತಿ ಸೀಲು ಮಾತ್ರ ಹಾಕಲಿಲ್ಲ. ಮೂರನೇದನ್ನು ಅಂಚೆಯಲ್ಲಿ ಕಳಿಸಿದ್ದೇನೆ, ಒಂದು ಪ್ರತಿ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೂ.