ಉದ್ಯಾನ ಒಂದೇ, ಪಿಸ್ತೂಲಿಗೆ ಕಾನೂನು ಹಲವು

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಗುಂಡು ತುಂಬಿದ ಪಿಸ್ತೂಲನ್ನು ಅಂಗಿಯ ಮರೆಯಲ್ಲಿಟ್ಟುಕೊಂಡು ಓಡಾಡಲು ಅವಕಾಶ ಸಿಕ್ಕಿದ್ದು, ಕ್ರೆಡಿಟ್ ಕಾರ್ಡ್ ಗ್ರಾಹಕರ ಹಿತ ಕಾಯಲೆಂದು 2009ರಲ್ಲಿ ಬಂದ ಕಾಯ್ದೆಯೊಂದರಿಂದ ಎಂದರೆ ಹಲವರು ನಂಬುವುದಿಲ್ಲ. ಓಕ್ಲಹೋಮಾದ ಸೆನೆಟರ್ ಟಾಮ್ ಕೋಬರ್ನ್ ಆ ಮಸೂದೆಗೆ ತಿದ್ದುಪಡಿಯೊಂದನ್ನು ಸೇರಿಸಿದರು, ಅಧ್ಯಕ್ಷ ಒಬಾಮಾ ಸಹಿ ಹಾಕಿದರು, 2010ರ ಫೆಬ್ರವರಿ 22ರಂದು ಅದು ಜಾರಿಗೆ ಬಂತು. ಅಲ್ಲಿಯವರೆಗೆ ಹೆಚ್ಚಿನ ಉದ್ಯಾನಗಳಲ್ಲಿ ಗುಂಡು ತೆಗೆದು, ಕೈಗೆ ಸುಲಭವಾಗಿ ಸಿಗದಂತೆ ಕಟ್ಟಿಟ್ಟೇ ಬಂದೂಕನ್ನು ಸಾಗಿಸಬೇಕಿತ್ತು. ಈಗ ಉದ್ಯಾನ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಕಾನೂನೇ ಉದ್ಯಾನದೊಳಗೂ ನಡೆಯುತ್ತದೆ.

ಕಾನೂನುಬದ್ಧವಾಗಿ ಪಿಸ್ತೂಲು ಒಯ್ಯುವವರ ಮೇಲೆ ನನಗೆ ದೂರಿಲ್ಲ. ಒಂದೇ ಕಾಡಿಗೆ ಎರಡು ಮೂರು ಕಾನೂನುಗಳನ್ನು ಹೇರಿ, ಗಡಿ ಎಲ್ಲಿದೆಯೆಂದು ಹುಡುಕುವ ಹೊಣೆಯನ್ನು ಪ್ರವಾಸಿಗನ ತಲೆಗೆ ಕಟ್ಟಿರುವುದಕ್ಕೆ ನನ್ನ ಆಕ್ಷೇಪ. ಡೆತ್ ವ್ಯಾಲಿ ಉದ್ಯಾನದ ಬಹುಪಾಲು ಕ್ಯಾಲಿಫೋರ್ನಿಯಾದಲ್ಲಿದೆ, ಒಂದು ತುಣುಕು ನೆವಾಡಾದಲ್ಲಿದೆ. ನೆವಾಡಾದ ಬೀಟಿ ಊರಿನಿಂದ ಕಾರಿನಲ್ಲಿ ಹೊರಟವನು ಉದ್ಯಾನವನ್ನು ಪ್ರವೇಶಿಸಿದ ಮೇಲೆ ರಾಜ್ಯದ ಗಡಿ ದಾಟುತ್ತಾನೆ; ಪಿಸ್ತೂಲು ಒಯ್ಯಲು ಬೇರೆ ರಾಜ್ಯಗಳು ಕೊಟ್ಟ ಪರವಾನಗಿಯನ್ನು ಕ್ಯಾಲಿಫೋರ್ನಿಯಾ ಮಾನ್ಯ ಮಾಡುವುದಿಲ್ಲವಾದ್ದರಿಂದ, ಕ್ಷಣದ ಹಿಂದೆ ನಿರಪರಾಧಿಯಾಗಿದ್ದವನು ಅದೇ ಕಲ್ಲು ಮರಳಿನ ನಡುವೆ ಅಪರಾಧಿಯಾಗಿಬಿಡಬಹುದು. ಯೆಲ್ಲೋಸ್ಟೋನ್ ಮೂರು ರಾಜ್ಯಗಳಿಗೆ ಚಾಚಿಕೊಂಡಿದೆ.

ಗೊಂದಲ ಅಲ್ಲಿಗೇ ಮುಗಿಯುವುದಿಲ್ಲ. ಉದ್ಯಾನದ ದಾರಿಯಲ್ಲಿ ಸಕ್ರಮವಾಗಿರುವ ಪಿಸ್ತೂಲು ವಿಸಿಟರ್ ಸೆಂಟರಿನ ಬಾಗಿಲಲ್ಲಿ ಅಕ್ರಮ, ಏಕೆಂದರೆ ಅದು ಕೇಂದ್ರ ಸರ್ಕಾರದ ಕಟ್ಟಡ. ಬಂದೂಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಫಲಕ ಬಾಗಿಲಿಗೇ ಅಂಟಿರುತ್ತದೆ. ಅದನ್ನು ಓದಿ ಕಾರಿನತ್ತ ಹಿಂದಿರುಗುವವರನ್ನು ನೋಡಿದ್ದೇನೆ: ಸೀಟಿನ ಮೇಲೆ ಬಗ್ಗಿ, ಸೊಂಟದಿಂದ ಹೋಲ್‌ಸ್ಟರ್ (ಪಿಸ್ತೂಲಿನ ಚೀಲ) ಬಿಚ್ಚಿ, ಸುತ್ತಲೂ ಒಮ್ಮೆ ಕಣ್ಣಾಡಿಸಿ ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ತುರುಕುತ್ತಾರೆ. ಮಕ್ಕಳು ಓಡಾಡುವ ಪಾರ್ಕಿಂಗ್ ಜಾಗದಲ್ಲಿ ತುಂಬಿದ ಆಯುಧವನ್ನು ಹೀಗೆ ತೆಗೆದು ಇಡುವುದು, ಅದು ಸೊಂಟದಲ್ಲಿಯೇ ಇರುವುದಕ್ಕಿಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಕರಡಿಯ ಭಯದಿಂದ ಪಿಸ್ತೂಲು ಬೇಕೆನ್ನುವವರಿದ್ದಾರೆ. 2010ರ ಮೇ ತಿಂಗಳಲ್ಲಿ ಅಲಾಸ್ಕಾದ ಡೆನಾಲಿಯಲ್ಲಿ ಚಾರಣಿಗನೊಬ್ಬ ಗ್ರಿಜ್ಲಿ ಕರಡಿಯೊಂದನ್ನು ಪಿಸ್ತೂಲಿನಿಂದ ಕೊಂದದ್ದೂ ನಿಜ. ಆದರೆ ಓಡಿ ಬರುವ ಪ್ರಾಣಿಗೆ ಗುರಿಯಿಟ್ಟು ಹೊಡೆಯುವ ಕೈ ಎಷ್ಟು ಮಂದಿಗಿದೆ? ಯೆಲ್ಲೋಸ್ಟೋನಿನ ಅಧಿಕಾರಿಗಳು ಎಲ್ಲರಿಗೂ ಹೇಳುವುದು ಬೇರ್ ಸ್ಪ್ರೇ (ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ಸಿಂಪರಣೆ) ಒಯ್ಯಿರಿ ಎಂದೇ. (ಯೊಸೆಮಿಟಿಯಲ್ಲಿ ಆ ಸ್ಪ್ರೇಯೇ ನಿಷಿದ್ಧ, ಅದು ಬೇರೆ ಕಥೆ.) ಅಂದಹಾಗೆ, ಪಿಸ್ತೂಲು ಇಟ್ಟುಕೊಳ್ಳಲು ಒಪ್ಪಿಗೆ ಕೊಟ್ಟ ಈ ಕಾಯ್ದೆ ಅದನ್ನು ಹಾರಿಸಲು ಒಪ್ಪಿಗೆ ಕೊಟ್ಟಿಲ್ಲ, ಹೆಚ್ಚಿನ ಉದ್ಯಾನಗಳಲ್ಲಿ ಗುಂಡು ಹಾರಿಸುವುದು ಇಂದಿಗೂ ಅಪರಾಧವೇ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಬೇರೊಂದು ಅಪಾಯವಿದೆ. ಎಚ್-1ಬಿ, ವಿದ್ಯಾರ್ಥಿ, ಪ್ರವಾಸಿ ಮೊದಲಾದ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕು ಹೊಂದುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಉಳ್ಳವರಿಗೆ ವಿನಾಯಿತಿಯಂಥ ಕೆಲವು ಅಪವಾದಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ. ಜೊತೆಗೆ ಬಂದ ಅಮೆರಿಕನ್ ಸಹೋದ್ಯೋಗಿ ವಿಸಿಟರ್ ಸೆಂಟರಿಗೆ ಹೋಗುವ ಮುನ್ನ "ಸ್ವಲ್ಪ ಹಿಡಿದುಕೋ" ಎಂದು ಪಿಸ್ತೂಲನ್ನು ನಿಮ್ಮ ಕೈಗಿತ್ತರೆ, ಅವನಿಗೆ ಅದು ಸ್ನೇಹದ ಮಾತು, ನಿಮಗೆ 15 ವರ್ಷಗಳವರೆಗೆ ಸೆರೆವಾಸಕ್ಕೂ ಗಡೀಪಾರಿಗೂ ಕಾರಣವಾಗಬಲ್ಲ ಆರೋಪ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಸ್ನೇಹಿತರ ಕಾರಿನಲ್ಲಿ ಉದ್ಯಾನಕ್ಕೆ ಕರೆದೊಯ್ಯುವವರು, ಕಾರಿನಲ್ಲಿ ಆಯುಧವಿದೆಯೇ ಎಂದು ಹೊರಡುವ ಮುನ್ನವೇ ಸಂಕೋಚವಿಲ್ಲದೆ ಕೇಳಬೇಕು. ಇದ್ದರೆ, ಅದನ್ನು ಮನೆಯಲ್ಲೇ ಬಿಟ್ಟು ಬರಲು ಹೇಳಬೇಕು, ಇಲ್ಲವೇ ಬೇರೆ ಕಾರು ಮಾಡಿಕೊಳ್ಳಬೇಕು.